ಗಾಂಧಿ ಬಜಾರಿನ ದಿನಚರಿ: ಬಡಾವಣೆಯ ಒಂದು ಪೇಟೆಬೀದಿಯ ಪರಿಶೀಲನೆ

ನಗರಗಳ ಆರ್ಥಿಕ ಜೀವನವನ್ನು ಕುರಿತು ಬರೆಯತಕ್ಕವರು ಸಾಮಾನ್ಯವಾಗಿ ಕಾರ್ಖಾನೆಗಳನ್ನೂ ಬ್ಯಾಂಕುಗಳನ್ನೂ ಸಗಟು ಮಾರುಕಟ್ಟೆಗಳನ್ನೂ ಗಮನಿಸುತ್ತಾರೆ. ಕೈಯಲ್ಲಿ ಚೀಲ ಹಿಡಿದು ಮನೆಯಿಂದ ಹೊರಟವರು ಹತ್ತು ನಿಮಿಷಗಳ ನಡಿಗೆಯಲ್ಲಿ ತಲಪುವ ಬೀದಿಯನ್ನು, ಅಲ್ಲಿ ದಿನನಿತ್ಯವೂ ನಡೆಯುವ ಸಣ್ಣ ಕೊಡುಕೊಳೆಗಳನ್ನು, ಶಾಸ್ತ್ರೀಯ ಪರಿಶೀಲನೆಗೆ ತಕ್ಕ ವಿಷಯವೆಂದು ಎಣಿಸಿದವರು ವಿರಳ. ಎಲ್ಲರಿಗೂ ತಿಳಿದಿರುವ ಸಂಗತಿಯನ್ನು ಯಾರೂ ಬರೆದಿಡುವುದಿಲ್ಲವೆಂಬುದು ಇದಕ್ಕೆ ಒಂದು ಕಾರಣವಿರಬಹುದು. ಪ್ರಕೃತ ಲೇಖನದಲ್ಲಿ ಬೆಂಗಳೂರಿನ ಬಸವನಗುಡಿಯ ಗಾಂಧಿ ಬಜಾರನ್ನು ಉದಾಹರಣೆಯಾಗಿ ತೆಗೆದುಕೊಂಡು, ಇಂತಹ ಬೀದಿಯೊಂದು ಹೇಗೆ ನಡೆಯುತ್ತದೆ, ಅಲ್ಲಿನ ಬೇರೆಬೇರೆ ಕಸುಬುಗಳು ಒಂದನ್ನೊಂದು ಹೇಗೆ ಆಶ್ರಯಿಸಿಕೊಂಡಿವೆ ಎಂಬುದನ್ನು ವಿವರಿಸಲು ಯತ್ನಿಸಲಾಗಿದೆ. ಟಾಗೋರ್ ವೃತ್ತದಿಂದ ರಾಮಕೃಷ್ಣ ಆಶ್ರಮದ ವೃತ್ತದವರೆಗಿನ ಈ ರಸ್ತೆಯಲ್ಲಿ ಹಲವು ವರ್ಷಗಳಿಂದ ನಡೆದಾಡಿ ಕಂಡುಕೊಂಡ ಸಂಗತಿಗಳೇ ಇದಕ್ಕೆ ಮುಖ್ಯ ಆಧಾರ.

ಬಸವನಗುಡಿಯು ಹಳೆಯ ಬೆಂಗಳೂರಿನ ಭಾಗವಲ್ಲ. ಕೋಟೆ ಮತ್ತು ಪೇಟೆಗಳ ಇಕ್ಕಟ್ಟಿನಿಂದ ಜನರನ್ನು ಹೊರಕ್ಕೆ ಕರೆತರುವ ಉದ್ದೇಶದಿಂದ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದ ಕಾಲದಲ್ಲಿ, ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ಎಂಬ ಎರಡು ಬಡಾವಣೆಗಳು ರೂಪುಗೊಂಡವು. 1898ರಲ್ಲಿ ಊರಿನಲ್ಲಿ ಪ್ಲೇಗು ಕಾಣಿಸಿಕೊಂಡ ಮೇಲೆ ಈ ಕೆಲಸಕ್ಕೆ ಅನಿವಾರ್ಯವಾದ ವೇಗ ದೊರೆಯಿತು. ಗಾಳಿ ಬೆಳಕುಗಳಿಗೆ ಅನುಕೂಲವಾಗುವಂತೆ ಅಗಲವಾದ ನೇರ ರಸ್ತೆಗಳು, ಮನೆಗಳ ಹಿಂದೆ ಕಸ ಸಾಗಿಸುವ ಓಣಿಗಳು, ಮನೆಯ ಸುತ್ತಲೂ ಬಯಲು, ಇವು ಯೋಜಕರ ಲಕ್ಷ್ಯದಲ್ಲಿದ್ದುವು. ಆದರೆ ಆರೋಗ್ಯಕ್ಕೆ ಒಳ್ಳೆಯದಾದ ಈ ದೂರವು ಸಂಸಾರಕ್ಕೆ ತೊಡಕಾಯಿತು. ಪೇಟೆಯ ಮಾರುಕಟ್ಟೆ ಎರಡು ಮೂರು ಕಿಲೋಮೀಟರುಗಳಾಚೆ ಉಳಿಯಿತು. ಸರ್ಕಾರೀ ನೌಕರರೂ ವಕೀಲರೂ ಉಪಾಧ್ಯಾಯರೂ ಬಂದು ನೆಲಸಿದ ಬಡಾವಣೆಯಲ್ಲಿ ಬೆಳಗಿನ ಹೂವಿಗೆ, ಮಧ್ಯಾಹ್ನದ ಸೊಪ್ಪಿಗೆ, ಸಂಜೆಯ ಕಾಫಿಪುಡಿಗೆ ಅಷ್ಟು ದೂರ ಹೋಗಿಬರುವುದು ಸಾಧ್ಯವಿರಲಿಲ್ಲ. ಗಾಂಧಿ ಬಜಾರಿನ ಹುಟ್ಟಿಗೆ ಇದೇ ಕಾರಣ.

ಪೇಟೆಯ ಬೀದಿಗೂ ಬಡಾವಣೆಯ ಬೀದಿಗೂ ಇರುವ ಒಂದು ಮುಖ್ಯ ಭೇದವನ್ನು ಇಲ್ಲಿ ಗಮನಿಸಬೇಕು. ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ, ತರಗುಪೇಟೆ ಎಂಬ ಹೆಸರುಗಳೇ ಸೂಚಿಸುವಂತೆ ಹಳೆಯ ಪೇಟೆಯಲ್ಲಿ ಒಂದೊಂದು ಬೀದಿಗೆ ಒಂದೊಂದು ಕಸುಬು. ದೂರದೂರುಗಳಿಂದ ಬಂದ ವರ್ತಕನು ಹತ್ತು ಅಂಗಡಿಗಳ ಸರಕನ್ನು ಒಂದೆಡೆಯಲ್ಲಿ ನೋಡಿ, ದರಗಳನ್ನು ಹೋಲಿಸಿ, ಮೂಟೆಗಟ್ಟಲೆ ಕೊಳ್ಳುತ್ತಿದ್ದನಾದುದರಿಂದ ಸಜಾತೀಯ ಅಂಗಡಿಗಳು ಒತ್ತಾಗಿರುವುದು ಆ ವ್ಯಾಪಾರಕ್ಕೆ ಅನುಕೂಲ. ಮನೆಯ ಗಿರಾಕಿಯ ಅಗತ್ಯ ಇದಕ್ಕೆ ವಿರುದ್ಧವಾದುದು. ಆತನಿಗೆ ಒಂದು ಮೊಳ ಹೂವು, ಅರ್ಧ ಕಿಲೋ ಬದನೆಕಾಯಿ, ಒಂದು ಕವಳೆ ವೀಳ್ಯದೆಲೆ, ಕಾಲು ಕಿಲೋ ಕಾಫಿಪುಡಿ, ಮಗುವಿಗೆ ಒಂದು ನೋಟುಪುಸ್ತಕ ಇಷ್ಟೂ ಒಂದೇ ನಡಿಗೆಯಲ್ಲಿ ದೊರೆಯಬೇಕು. ಆದಕಾರಣ ಗಾಂಧಿ ಬಜಾರಿನಲ್ಲಿ ವಿಜಾತೀಯ ಅಂಗಡಿಗಳೇ ನೆರೆಹೊರೆಯಾಗಿವೆ: ಬಟ್ಟೆಯ ಅಂಗಡಿಯ ಪಕ್ಕದಲ್ಲಿ ಗ್ರಂಧಿಗೆ ಅಂಗಡಿ, ಅದರ ಪಕ್ಕದಲ್ಲಿ ಪಾತ್ರೆಯ ಅಂಗಡಿ, ಎದುರಿಗೆ ಹೋಟೆಲು. ಇಂತಹ ಬೀದಿಯಲ್ಲಿ ಒಂದು ಅಂಗಡಿಗೆ ಬಂದ ಗಿರಾಕಿ ಉಳಿದ ಎಲ್ಲ ಅಂಗಡಿಗಳಿಗೂ ಅರ್ಧ ಗಿರಾಕಿಯೇ ಸರಿ. ಒಂದು ಕಸುಬು ಕಳಚಿಬಿದ್ದರೆ ಮಿಕ್ಕ ಕಸುಬುಗಳ ವ್ಯಾಪಾರವೂ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಈ ಲೇಖನದ ಉಳಿದ ಭಾಗವನ್ನು ಓದುವಾಗ ಈ ಅಂಶವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ವಾಚಕರಲ್ಲಿ ಕೋರಿಕೆ.

ಬೀದಿಯ ದಿನವು ಬೀದಿಯಲ್ಲಿ ಆರಂಭವಾಗುವುದಿಲ್ಲ. ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ, ಬೆಳಕು ಹರಿಯುವುದಕ್ಕೆ ಬಹಳ ಮುಂಚೆ ಆರಂಭವಾಗುತ್ತದೆ. ಅಲ್ಲಿ ಬಿಡಿಹೂವು ತೂಕದ ಲೆಕ್ಕದಲ್ಲಿ ಕೈಬದಲಾಗುತ್ತದೆ. ಅದನ್ನು ಕೊಂಡ ಹೂವಾಡಗಿತ್ತಿ ಬಸ್ಸಿನಲ್ಲೋ, ನಾಲ್ಕಾರು ಜನ ಸೇರಿ ಹಿಡಿದ ಆಟೋದಲ್ಲೋ ಗಾಂಧಿ ಬಜಾರಿಗೆ ಬಂದು, ಕುಕ್ಕೆಯನ್ನಿಳಿಸಿ, ಅಂಗಡಿಯೊಂದರ ಮುಚ್ಚಿದ ಬಾಗಿಲ ಮುಂದೆ ಕುಳಿತು ಕಟ್ಟಲು ತೊಡಗುತ್ತಾಳೆ. ತೂಕದಲ್ಲಿ ಕೊಂಡ ಹೂವನ್ನು ಮೊಳದಲ್ಲಿ ಮಾರುವುದು ಆಕೆಯ ಕಸುಬಿನ ಸಾರ. ಈ ಎರಡು ಅಳತೆಗಳ ನಡುವೆ ಇರುವುದು ಆಕೆಯ ಬೆರಳುಗಳ ಕೆಲಸ. ಆಕೆಯ ಆದಾಯವೆಲ್ಲವೂ ಆ ಕೆಲಸದ ಕೂಲಿಯೇ ಹೊರತು ವರ್ತಕರ ಅರ್ಥದಲ್ಲಿ ಲಾಭವಲ್ಲ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಆಕೆ ಸುಮ್ಮನೆ ಕುಳಿತಿರುವಂತೆ ಕಂಡರೆ ಕೈಗಳನ್ನು ನೋಡಬೇಕು.

ಮೊಳವೆಂಬುದು ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಉದ್ದ, ಸುಮಾರು ಒಂದೂವರೆ ಅಡಿ. 1956ರ ತೂಕ ಮತ್ತು ಅಳತೆಗಳ ಪ್ರಮಾಣ ಶಾಸನದ ಫಲವಾಗಿ 1960ರ ದಶಕದ ಆರಂಭದ ವರ್ಷಗಳಲ್ಲಿ ಸೇರು, ಮಣ, ಗಜಗಳು ವ್ಯವಹಾರದಿಂದ ಹಿಂದೆ ಸರಿದು ಕಿಲೋಗ್ರಾಮು ಮತ್ತು ಮೀಟರು ಬಂದುವು. ಹೂವಿನ ಮೊಳ ಮಾತ್ರ ಹೋಗಲಿಲ್ಲ. ಇದನ್ನು ಹಳೆಯ ರೂಢಿಯ ಮೊಂಡುತನವೆಂದು ತಳ್ಳಿಹಾಕುವುದು ಸುಲಭ. ಆದರೆ ಅದು ಉಳಿದುಬಂದಿರುವುದಕ್ಕೆ ವ್ಯಾವಹಾರಿಕ ಕಾರಣವೊಂದಿದೆಯೆಂದು ನಮ್ಮ ಅಭಿಪ್ರಾಯ. ಮಾಲೆಯ ಬೆಲೆಯನ್ನು ನಿರ್ಣಯಿಸತಕ್ಕದ್ದು ಅದರ ಉದ್ದಕ್ಕಿಂತ ಹೆಚ್ಚಾಗಿ ಅದರ ಒತ್ತು. ಒಂದು ಮೊಳದಲ್ಲಿ ಎಷ್ಟು ಹೂ ಸೇರಿದೆ, ಕಟ್ಟು ಕಟ್ಟಿಗೆ ಎಷ್ಟು ಅಂತರವಿದೆ ಎಂಬುದನ್ನು ಯಾವ ಅಳತೆಪಟ್ಟಿಯೂ ತಿಳಿಸಲಾರದು. ಕೊಳ್ಳುವವಳ ಕಣ್ಣು ತಿಳಿಸುತ್ತದೆ. ಮಾರುಕಟ್ಟೆಯಲ್ಲಿ ಮಲ್ಲಿಗೆಯ ದರ ಏರಿದ ದಿನ ಹೂವಾಡಗಿತ್ತಿಯು ಮೊಳದ ಬೆಲೆಯನ್ನು ಒಡನೆಯೇ ಏರಿಸುವುದಿಲ್ಲ. ಕಟ್ಟನ್ನು ಸ್ವಲ್ಪ ತೆಳುವಾಗಿಸುತ್ತಾಳೆ. ದರ ಇಳಿದ ದಿನ ಒತ್ತಾಗಿ ಕಟ್ಟುತ್ತಾಳೆ, ಅಥವಾ ಅಳೆದ ಮೇಲೆ ಕೊಸರೆಂದು ನಾಲ್ಕು ಬೆರಳು ಸೇರಿಸುತ್ತಾಳೆ. ಹೀಗೆ ಸಗಟು ದರದ ಏರಿಳಿತವು ಚಿಲ್ಲರೆ ಬೆಲೆಯಲ್ಲಿ ಕಾಣಿಸಿಕೊಳ್ಳದೆ ಸರಕಿನ ಗುಣದಲ್ಲಿ ಅಡಗುತ್ತದೆ. ಚಿಲ್ಲರೆ ನಾಣ್ಯ ಹುಡುಕುವ ತೊಂದರೆಯೂ ತಪ್ಪುತ್ತದೆ, ನಿತ್ಯದ ಗಿರಾಕಿಯೊಡನೆ ಬೆಲೆಯ ಜಗಳವೂ ತಪ್ಪುತ್ತದೆ. ಅರ್ಥಶಾಸ್ತ್ರದ ಪಠ್ಯಗಳಲ್ಲಿ ಬೆಲೆಯ ಸ್ಥಿರತೆಯನ್ನು ಕುರಿತು ಓದಿದ ವಿದ್ಯಾರ್ಥಿಗೆ ಈ ಮೊಳಕ್ಕಿಂತ ಉತ್ತಮವಾದ ಉದಾಹರಣೆ ದೊರಕಲಾರದು.

ಹೂವು ಬಾಡುವ ಸರಕಾದುದರಿಂದ ಆಕೆಯ ಲೆಕ್ಕವೆಲ್ಲವೂ ಗಡಿಯಾರಕ್ಕೆ ಕಟ್ಟುಬಿದ್ದಿದೆ. ಬೆಳಿಗ್ಗೆ ದೇವರ ಪೂಜೆಗೆ ಕೊಳ್ಳುವವರು ಬಿಡಿಹೂವನ್ನೂ ತುಳಸಿಯನ್ನೂ ಕೇಳುತ್ತಾರೆ. ಅವರಿಗೆ ಅವಸರವಿದೆ, ಚೌಕಾಸಿಯಿಲ್ಲ. ಸಂಜೆ ಬರುವವರು ಮುಡಿಯುವುದಕ್ಕಾಗಿ ಮಲ್ಲಿಗೆ, ಕನಕಾಂಬರ, ಕಾಕಡಗಳನ್ನು ಕೇಳುತ್ತಾರೆ. ಅವರು ಮೂರು ಕುಕ್ಕೆಗಳನ್ನು ನೋಡಿಯೇ ಕೊಳ್ಳುವರು. ರಾತ್ರಿ ಎಂಟು ಗಂಟೆಯ ತರುವಾಯ ಉಳಿದ ಮಾಲೆಗೆ ನಾಳೆಯೆಂಬುದಿಲ್ಲ. ಆಗ ಬೆಲೆ ಬೀಳುತ್ತದೆ. ಇದನ್ನು ಬಲ್ಲ ಕೆಲವರು ಬೇಕೆಂದೇ ತಡವಾಗಿ ಬರುವುದುಂಟು. ಹೂವಾಡಗಿತ್ತಿಯೂ ಅವರನ್ನು ಬಲ್ಲಳು, ಅವರಿಗೆ ಕೊಸರಿಲ್ಲ.

ಇನ್ನು ಬಂಡವಾಳದ ವಿಷಯ. ಹೂವು, ಸೊಪ್ಪು, ತರಕಾರಿಗಳ ಬೀದಿ ವ್ಯಾಪಾರಕ್ಕೆ ಬೇಕಾದ ಮೂಲಧನ ಅಲ್ಪ. ಆದರೆ ಅದು ಪ್ರತಿದಿನವೂ ಬೆಳಗಿನ ಜಾವ ಕೈಯಲ್ಲಿರಬೇಕು. ಹಿಂದಿನ ದಿನದ ಗಳಿಕೆ ಮನೆಯ ಬಾಡಿಗೆಗೋ ಔಷಧಕ್ಕೋ ಹೋಗಿದ್ದರೆ ಕೈಸಾಲವೇ ಗತಿ. ಮುಂಜಾನೆ 900 ರೂಪಾಯಿ ಪಡೆದು ಸಂಜೆ 1,000 ರೂಪಾಯಿ ಹಿಂದಿರುಗಿಸುವ ಸಾಲಕ್ಕೆ ಜನರು ‘ಮೀಟರ್ ಬಡ್ಡಿ’ ಎಂದು ಹೆಸರಿಟ್ಟಿದ್ದಾರೆ. ಆಟೋದ ಮೀಟರಿನಂತೆ ನಿಂತಲ್ಲಿಯೂ ಓಡುವುದೆಂಬುದು ಅದರ ಧ್ವನಿ. ಕೇಳುವುದಕ್ಕೆ ನೂರು ರೂಪಾಯಿಯ ಮಾತು. ತಿಂಗಳಿಗೆ 25 ದಿನಗಳ ವ್ಯಾಪಾರವೆಂದಿಟ್ಟುಕೊಂಡರೆ 900 ರೂಪಾಯಿಯ ಮೂಲಧನಕ್ಕೆ 2,500 ರೂಪಾಯಿ ಬಡ್ಡಿ ಸಂದಾಯವಾದಂತಾಗುತ್ತದೆ. ಒಂಬತ್ತು ದಿನ ದಿನಕ್ಕೆ ನೂರು ರೂಪಾಯಿ ಉಳಿಸಬಲ್ಲವಳಾದರೆ ಹತ್ತನೆಯ ದಿನ ಆಕೆಗೆ ಸಾಲವೇ ಬೇಡ; ಆದರೆ ಆ ನೂರು ರೂಪಾಯಿಯೇ ಪ್ರತಿ ಸಂಜೆ ಬಡ್ಡಿಗೆ ಹೋಗುವುದರಿಂದ ಆ ಹತ್ತನೆಯ ದಿನ ಬರುವುದಿಲ್ಲ. ಅತಿಯಾದ ಬಡ್ಡಿಯನ್ನು ನಿಷೇಧಿಸುವ ಶಾಸನವು ಕರ್ನಾಟಕದಲ್ಲಿ 2004ರಲ್ಲಿಯೇ ಬಂದಿದೆ. 2020ರ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರವು ಬೀದಿಬದಿ ವ್ಯಾಪಾರಿಗಳಿಗೆ ಮೊದಲ ಕಂತಿನಲ್ಲಿ 10,000 ರೂಪಾಯಿಗಳವರೆಗೆ ಸಾಲ ನೀಡುವ ಸ್ವನಿಧಿ ಯೋಜನೆಯನ್ನು ಆರಂಭಿಸಿತು. ಇಷ್ಟು ಹಣ ಮೇಲೆ ಹೇಳಿದ ಸುಳಿಯಿಂದ ಒಬ್ಬಳನ್ನು ಎತ್ತಲು ಧಾರಾಳವಾಗಿ ಸಾಕು. ಆದರೆ ಬ್ಯಾಂಕು ಹತ್ತು ಗಂಟೆಗೆ ತೆರೆಯುತ್ತದೆ, ಮೀಟರ್ ಬಡ್ಡಿಯವನು ನಾಲ್ಕು ಗಂಟೆಗೇ ಮಾರುಕಟ್ಟೆಯ ಬಾಗಿಲಲ್ಲಿ ನಿಂತಿರುತ್ತಾನೆ. ಅನಿರೀಕ್ಷಿತ ಖರ್ಚು ಬಂದ ದಿನ ಜನರು ಎಲ್ಲಿಗೆ ಹೋಗುವರೆಂಬುದನ್ನು ಊಹಿಸಬಹುದು.

ಅಂಗಡಿಗಳ ಸಾಲ ಇದಕ್ಕಿಂತ ಭಿನ್ನವಾದುದು; ಅಲ್ಲಿ ಸಾಲಗಾರ ವ್ಯಾಪಾರಿಯಲ್ಲ, ಗಿರಾಕಿ. ತಿಂಗಳ ಮೊದಲ ವಾರದಲ್ಲಿ ಸಂಬಳ ಬರುವ ಸಂಸಾರಗಳ ಬಡಾವಣೆಯಲ್ಲಿ ದಿನಸಿ ಅಂಗಡಿಯ ‘ಬರೆಸುವ’ ಪುಸ್ತಕವು ಸಹಜವಾಗಿಯೇ ಹುಟ್ಟಿಕೊಂಡಿತು. ಅಂಗಡಿಯವನು ಬಡ್ಡಿ ಹಾಕುತ್ತಿರಲಿಲ್ಲ; ಅದಕ್ಕೆ ಪ್ರತಿಯಾಗಿ ಗಿರಾಕಿ ಬೇರೆ ಅಂಗಡಿಗೆ ಹೋಗುತ್ತಿರಲಿಲ್ಲ. ಯಾರ ಮನೆಯಲ್ಲಿ ಮದುವೆ, ಯಾರು ನಿವೃತ್ತರಾದರು, ಯಾರ ಮನೆಗೆ ಬಾಣಂತಿ ಬಂದಿದ್ದಾಳೆ ಎಂಬುದು ಆ ಪುಸ್ತಕದಲ್ಲಿ ಸಕ್ಕರೆ, ಕೊಬ್ಬರಿ, ಅಂಟುಗಳ ರೂಪದಲ್ಲಿ ದಾಖಲಾಗುತ್ತಿತ್ತು. ದೊಡ್ಡ ಸ್ವಯಂಸೇವಾ ಮಳಿಗೆಗಳೂ ಮನೆಬಾಗಿಲಿಗೆ ಸರಕು ತಂದುಕೊಡುವ ಮೊಬೈಲ್ ಕಂಪನಿಗಳೂ ಬಂದಮೇಲೆ ಈ ಪದ್ಧತಿ ಬಹಳ ಮಟ್ಟಿಗೆ ಕ್ಷೀಣಿಸಿದೆ. ಪೂರ್ತಿಯಾಗಿ ಅಳಿದಿದೆಯೆಂದು ಹೇಳಲಾಗದು.

ಹಣ ಕೈಬದಲಾಗುವ ಬಗೆಯಲ್ಲಿ ಈಚೆಗೆ ಆದ ವ್ಯತ್ಯಾಸ ಇನ್ನೂ ದೊಡ್ಡದು. 2016ರ ನವೆಂಬರಿನ ನೋಟು ರದ್ದತಿಯ ತರುವಾಯ ಕ್ರಮೇಣವಾಗಿ, 2020ರ ಸಾಂಕ್ರಾಮಿಕದ ಕಾಲದಿಂದ ವೇಗವಾಗಿ, ಯುಪಿಐ ಪಾವತಿಯು ಹೂವಿನ ಕುಕ್ಕೆಯವರೆಗೂ ಬಂದಿತು. ಚಿಲ್ಲರೆಯ ಸಮಸ್ಯೆ ಇಲ್ಲದಂತಾಯಿತು. ಆದರೆ 2025ರ ಜುಲೈ ತಿಂಗಳಲ್ಲಿ, ಯುಪಿಐ ಮೂಲಕ ಬಂದ ಮೊತ್ತವನ್ನು ಆಧಾರವಾಗಿಟ್ಟುಕೊಂಡು ರಾಜ್ಯದ ಅನೇಕ ಸಣ್ಣ ವ್ಯಾಪಾರಿಗಳಿಗೆ ಸರಕು ಮತ್ತು ಸೇವಾ ತೆರಿಗೆಯ ನೋಟೀಸುಗಳು ಬಂದಾಗ, ಬೆಂಗಳೂರಿನ ಹಲವು ಅಂಗಡಿಗಳಲ್ಲಿ ಪಾವತಿಯ ಚೌಕಪಟ್ಟಿಯನ್ನು ತೆಗೆದು ‘ನಗದು ಮಾತ್ರ’ ಎಂಬ ಫಲಕ ಹಾಕಿದುದನ್ನು ನಾವೆಲ್ಲ ಕಂಡೆವು. ನಿಯಮವನ್ನು ನೋಡಿದರೆ, ವರ್ಷದ ವಹಿವಾಟು ಸರಕುಗಳಿಗೆ 40 ಲಕ್ಷ ರೂಪಾಯಿಗಳನ್ನು, ಸೇವೆಗಳಿಗೆ 20 ಲಕ್ಷ ರೂಪಾಯಿಗಳನ್ನು ಮೀರಿದರೆ ಮಾತ್ರ ನೋಂದಣಿ ಕಡ್ಡಾಯ. ತಾಜಾ ತರಕಾರಿ, ಬಿಡಿಹೂವು, ಹಾಲುಗಳಿಗೆ ತೆರಿಗೆಯೇ ಇಲ್ಲ. ಹಿಂದಿನ ಬಾಕಿಯನ್ನು ವಸೂಲು ಮಾಡುವುದಿಲ್ಲವೆಂದು ಸರ್ಕಾರ ಆ ತಿಂಗಳಲ್ಲೇ ತಿಳಿಸಿದ ಮೇಲೆ ಕೋಲಾಹಲ ಶಮನವಾಯಿತು. ಈ ಪ್ರಸಂಗದಲ್ಲಿ ಅಧ್ಯಯನಯೋಗ್ಯವಾದ ಅಂಶವೊಂದಿದೆ. ಬೀದಿ ವ್ಯಾಪಾರದಲ್ಲಿ ವಹಿವಾಟು ದೊಡ್ಡದಾಗಿಯೂ ಆದಾಯ ಸಣ್ಣದಾಗಿಯೂ ಇರುವುದು ಸಾಮಾನ್ಯ. ಅಷ್ಟೇ ಅಲ್ಲದೆ ಒಂದೇ ಮೊಬೈಲ್ ಸಂಖ್ಯೆಗೆ ವ್ಯಾಪಾರದ ಹಣ, ಚೀಟಿಯ ಹಣ, ಪಕ್ಕದವಳು ಸ್ವಲ್ಪ ಹೊತ್ತು ಎದ್ದುಹೋದಾಗ ಅವಳ ಪರವಾಗಿ ಪಡೆದ ಹಣ ಎಲ್ಲವೂ ಸೇರುತ್ತವೆ. ಖಾತೆಯೊಂದು ಒಬ್ಬ ವ್ಯಾಪಾರಿಯ ಲೆಕ್ಕವೆಂದು ಎಣಿಸಿದ್ದು ಕಚೇರಿಯ ಊಹೆ, ಬೀದಿಯ ವಾಸ್ತವವಲ್ಲ.

ಅಂಗಡಿಗಳ ಪೈಕಿ ಕಾಫಿಪುಡಿಯ ಅಂಗಡಿಯನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತ. ಬೀಜ ಹುರಿಯುವ ಹೊಗೆಯೂ ಪರಿಮಳವೂ ಈ ಬೀದಿಯ ಗುರುತಾಗಿರುವುದರಿಂದಷ್ಟೇ ಅಲ್ಲ, ದೇಶದ ಆರ್ಥಿಕ ನೀತಿಯು ಗಲ್ಲಾ ಪೆಟ್ಟಿಗೆಯವರೆಗೆ ಹೇಗೆ ಇಳಿದುಬರುತ್ತದೆಂಬುದಕ್ಕೆ ಅದು ನಿದರ್ಶನವಾಗಿರುವುದರಿಂದಲೂ. 1942ರ ಕಾಫಿ ಶಾಸನದನ್ವಯ ಸ್ಥಾಪಿತವಾದ ಕಾಫಿ ಮಂಡಳಿಯ ವ್ಯವಸ್ಥೆಯಲ್ಲಿ ಚಿಕ್ಕಮಗಳೂರು, ಕೊಡಗು, ಹಾಸನಗಳ ಬೆಳೆಗಾರರು ತಮ್ಮ ಬೆಳೆಯನ್ನು ಮಂಡಳಿಯ ಸಾಮೂಹಿಕ ಸಂಗ್ರಹಕ್ಕೆ ಒಪ್ಪಿಸಬೇಕಾಗಿದ್ದಿತು. ಅಂಗಡಿಯವನು ತೋಟದಿಂದ ನೇರವಾಗಿ ಕೊಳ್ಳುವಂತಿರಲಿಲ್ಲ. 1992ರಿಂದ ಬೆಳೆಯ ಒಂದು ಭಾಗವನ್ನು ಒಳನಾಡಿನಲ್ಲಿ ಮಾರಲು ಬೆಳೆಗಾರರಿಗೆ ಅವಕಾಶ ದೊರೆತು, 1996ರ ವೇಳೆಗೆ ಪೂರ್ಣ ಸ್ವಾತಂತ್ರ್ಯ ಬಂದಿತು. ಇದರಿಂದ ಅಂಗಡಿಯವನಿಗೆ ಬೀಜದ ಆಯ್ಕೆ ಹೆಚ್ಚಿತು, ಜೊತೆಯಲ್ಲಿಯೇ ಬೆಲೆಯ ಅನಿಶ್ಚಯವೂ ಹೆಚ್ಚಿತು: ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದರೆ ಬಸವನಗುಡಿಯ ಡಿಕಾಕ್ಷನ್ನಿನ ಬೆಲೆ ಏರುವ ಕಾಲ ಬಂದಿತು.

ಗಿರಾಕಿಯ ಮಾತು ಬೇರೆಯೇ ಇರುತ್ತದೆ. ‘ಅರ್ಧ ಪೀಬರಿ, ಅರ್ಧ ಪ್ಲಾಂಟೇಷನ್, ಚಿಕೋರಿ ಹದಿನೈದು’ ಎಂಬುದು ಒಂದು ಮನೆಯ ಸೂತ್ರ; ‘ಚಿಕೋರಿ ಬೇಡವೇ ಬೇಡ’ ಎಂಬುದು ಇನ್ನೊಂದರದು. ಒಂದು ಹಣ್ಣಿನೊಳಗೆ ಎರಡು ಬೀಜಗಳ ಬದಲು ಒಂದೇ ದುಂಡುಬೀಜ ಬೆಳೆದರೆ ಅದು ಪೀಬರಿ. ತೊಳೆದು ಸಂಸ್ಕರಿಸಿದ ಅರಾಬಿಕಾಕ್ಕೆ ಪ್ಲಾಂಟೇಷನ್ನೆಂದು ಹೆಸರು. ಚಿಕೋರಿಯು ಕಾಫಿಯ ಜಾತಿಯೇ ಅಲ್ಲ, ಹುರಿದು ಪುಡಿ ಮಾಡಿದ ಒಂದು ಬೇರು; ಅದು ಡಿಕಾಕ್ಷನ್ನಿಗೆ ಬಣ್ಣವನ್ನೂ ಮಂದವನ್ನೂ ಕೊಡುತ್ತದೆ, ಖರ್ಚನ್ನೂ ಇಳಿಸುತ್ತದೆ. ಬೆರಕೆಯ ಪುಡಿಯಲ್ಲಿ ಕಾಫಿಯ ಅಂಶ ನೂರಕ್ಕೆ 51ಕ್ಕಿಂತ ಕಡಿಮೆಯಿರಕೂಡದೆಂದೂ ಬೆರಕೆಯ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದೂ ಆಹಾರ ನಿಯಮಗಳು ವಿಧಿಸುತ್ತವೆ. ನೂರಾರು ಮನೆಗಳ ಸೂತ್ರವನ್ನು ಪುಸ್ತಕ ನೋಡದೆ ಹೇಳಬಲ್ಲ ಹಳೆಯ ಕೆಲಸಗಾರರು ಇಂತಹ ಅಂಗಡಿಗಳಲ್ಲಿರುತ್ತಾರೆ. ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಬೀಜ ಯಂತ್ರಕ್ಕೆ ಬಿದ್ದಿರುತ್ತದೆ. ಅಂಗಡಿಯನ್ನು ಮಾರುವಾಗ ಲೆಕ್ಕಪರಿಶೋಧಕರು ಯಂತ್ರಕ್ಕೂ ದಾಸ್ತಾನಿಗೂ ಬೆಲೆ ಕಟ್ಟುತ್ತಾರೆ. ಆ ನೆನಪಿಗೆ ಕಟ್ಟುವುದಿಲ್ಲ.

ಗ್ರಂಧಿಗೆ ಅಂಗಡಿಯ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಅರಿಶಿನ, ಕುಂಕುಮ, ದರ್ಭೆ, ಸಮಿತ್ತು, ಬಜೆ, ಅಳಲೆಕಾಯಿ, ಬಾಗಿನದ ಮೊರ, ಜನಿವಾರ ಮುಂತಾದ ನೂರಾರು ಸರಕುಗಳು ಅಲ್ಲಿ ಚಿಕ್ಕ ಚಿಕ್ಕ ಡಬ್ಬಗಳಲ್ಲಿರುತ್ತವೆ. ಬಹಳ ಸರಕು ನಿಧಾನವಾಗಿ ಮಾರಾಟವಾಗತಕ್ಕದ್ದು. ದೊಡ್ಡ ಮಳಿಗೆಗಳು ಇದರ ಗೊಡವೆಗೆ ಬಾರದಿರುವುದಕ್ಕೂ ಅದೇ ಕಾರಣ. ಕುರುಕಲು ತಿಂಡಿ, ಹಪ್ಪಳ, ಸಂಡಿಗೆ, ಹುಳಿಪುಡಿಗಳ ಅಂಗಡಿಗಳ ಇತಿಹಾಸ ಮತ್ತೊಂದು ಬಗೆಯದು. 1948ರಲ್ಲಿ ಆರಂಭವಾದುದೆಂದು ಪ್ರಸಿದ್ಧವಾಗಿರುವ, ಜನರ ಬಾಯಲ್ಲಿ ‘ಸುಬ್ಬಮ್ಮನ ಅಂಗಡಿ’ ಎಂದೇ ಹೆಸರಾದ ಅಂಗಡಿಯನ್ನು ನೋಡಿದರೆ, ಮನೆಯ ಹೆಂಗಸರ ಕೈಕೆಲಸವು ಹೇಗೆ ಬೀದಿಯ ಕಸುಬಾಗಿ ಪರಿಣಮಿಸಿತೆಂಬುದು ತಿಳಿಯುತ್ತದೆ. ಮನೆಯ ಮಾಳಿಗೆಯ ಮೇಲೆ ಹಪ್ಪಳ ಒಣಗಿಸುವುದು ಕಡಿಮೆಯಾದಷ್ಟೂ ಈ ಅಂಗಡಿಗಳ ವ್ಯಾಪಾರ ಬೆಳೆಯಿತು. ಬಡಾವಣೆಯ ಬಯಲುಮನೆಗಳು ಹೋಗಿ ಅಂತಸ್ತಿನ ಕಟ್ಟಡಗಳು ಬಂದುದು ಇತರ ಅಂಗಡಿಗಳಿಗೆ ಏನೇ ಮಾಡಿರಲಿ, ಹಪ್ಪಳದ ಅಂಗಡಿಗೆ ಲಾಭವನ್ನೇ ತಂದಿತು.

ಬೀದಿಗೆ ಹೊರಗಿನ ಜನರನ್ನು ಸೆಳೆದು ತರುವುದರಲ್ಲಿ ಹೋಟೆಲುಗಳ ಪಾತ್ರ ಹಿರಿದು. 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನವು ಹೆಸರೇ ಹೇಳುವಂತೆ ಸುತ್ತಲಿನ ಶಾಲಾಕಾಲೇಜುಗಳ ಹುಡುಗರಿಗಾಗಿ ತೆರೆದ ಸಣ್ಣ ಉಪಾಹಾರಗೃಹ. ಎರಡೇ ವರ್ಷಗಳಲ್ಲಿ, 1945ರಲ್ಲಿ, ಈ ಸುತ್ತಿನಲ್ಲಿ ನ್ಯಾಷನಲ್ ಕಾಲೇಜು, ಬಿ.ಪಿ. ವಾಡಿಯಾ ಅವರ ವಿಶ್ವ ಸಂಸ್ಕೃತಿ ಸಂಸ್ಥೆ, ಡಿ.ವಿ. ಗುಂಡಪ್ಪನವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಈ ಮೂರೂ ಹುಟ್ಟಿದುವೆಂಬುದು ಕುತೂಹಲಕರವಾದ ಸಂಗತಿ. ಉಪನ್ಯಾಸ ಮುಗಿಸಿ ಹೊರಬಂದವರಿಗೆ ಕಾಫಿ ಬೇಕಾಗುತ್ತಿತ್ತು, ಕಾಫಿಗೆ ಕುಳಿತವರಿಗೆ ಮಾತು ಬೇಕಾಗುತ್ತಿತ್ತು. ಕೆ.ಎಸ್. ನಿಸಾರ್ ಅಹಮದ್ ಅವರು 1960ರಲ್ಲಿ ಪ್ರಕಟಿಸಿದ ಕವನಸಂಕಲನಕ್ಕೆ ‘ಮನಸು ಗಾಂಧಿಬಜಾರು’ ಎಂದು ಹೆಸರಿಟ್ಟಾಗ ಅದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಈಗಲೂ ಭಾನುವಾರ ಬೆಳಿಗ್ಗೆ ದೋಸೆಗಾಗಿ ಹೊರಗೆ ಕಾದು ನಿಂತಿರುವ ಗುಂಪು, ಹೆಸರು ಕೂಗುವವರೆಗೆ ಸುತ್ತಮುತ್ತ ಹೂವು, ಹಣ್ಣು, ಪುಸ್ತಕಗಳನ್ನು ಕೊಳ್ಳುತ್ತದೆ. ಆ ಹೋಟೆಲಿಗೆ ಶುಕ್ರವಾರ ರಜ. ಶುಕ್ರವಾರವು ಹೂವಿನ ವ್ಯಾಪಾರದ ದೊಡ್ಡ ದಿನವಾದುದರಿಂದ ಬೀದಿಗೆ ಅಂದು ಜನ ಕಡಿಮೆಯಾಗುವುದಿಲ್ಲ. ಒಂದು ಕಸುಬಿನ ಬಿಡುವನ್ನು ಮತ್ತೊಂದು ತುಂಬಿಕೊಡುತ್ತದೆ.

ವರ್ಷದ ಲೆಕ್ಕದಲ್ಲಿ ನೋಡಿದರೆ ಹಬ್ಬಗಳೇ ಈ ಬೀದಿಯ ಕೊಯ್ಲಿನ ಕಾಲ. ವರಮಹಾಲಕ್ಷ್ಮಿ ವ್ರತದ ಹಿಂದಿನ ಸಂಜೆ ಕಾಲಿಡಲು ಸ್ಥಳವಿರುವುದಿಲ್ಲ. ಗೌರಿ ಗಣೇಶ, ಆಯುಧಪೂಜೆಯ ಬೂದುಗುಂಬಳ ಮತ್ತು ಬಾಳೆಕಂದು, ಸಂಕ್ರಾಂತಿಯ ಎಳ್ಳು ಬೆಲ್ಲ ಸಕ್ಕರೆ ಅಚ್ಚು, ಯುಗಾದಿಯ ಮಾವು ಬೇವು ಹೀಗೆ ಸರಕು ಬದಲಾಗುತ್ತ ಹೋಗುತ್ತದೆ, ಮಾರುವವರು ಬಹುಮಟ್ಟಿಗೆ ಅವರೇ. ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ದೇವಾಲಯದ ಬಳಿ ನಡೆಯುವ ಕಡಲೆಕಾಯಿ ಪರಿಷೆಯಲ್ಲಂತೂ ರೈತರೇ ನೇರವಾಗಿ ಬಂದು ರಾಶಿ ಹಾಕಿ ಸೇರಿನಲ್ಲಿ ಅಳೆದು ಮಾರುತ್ತಾರೆ. ಸುತ್ತಲ ಹಳ್ಳಿಗಳ ಕಡಲೆಕಾಯಿ ಹೊಲಗಳನ್ನು ಬಸವ ಮೇಯುತ್ತಿದ್ದನೆಂಬ ಐತಿಹ್ಯ ಇದಕ್ಕಿದೆ. ಕಡಲೆಕಾಯಿಯು ದಕ್ಷಿಣ ಅಮೆರಿಕದಿಂದ ಬಂದ ಬೆಳೆಯೆಂಬುದನ್ನು ನೆನೆದರೆ ಐತಿಹ್ಯದ ವಯಸ್ಸಿಗೆ ಒಂದು ಮಿತಿಯನ್ನು ಹಾಕಬಹುದು. ಪರಿಷೆಯ ಸಂಭ್ರಮಕ್ಕೆ ಅದರಿಂದ ಬಾಧಕವಿಲ್ಲ. ಒಂದು ಹಬ್ಬದ ವಾರ ಮಳೆ ಸುರಿದು ವ್ಯಾಪಾರ ಕೆಟ್ಟರೆ ಬೀದಿಯ ವ್ಯಾಪಾರಿಗೆ ಅದು ರೈತನಿಗೆ ಬೆಳೆ ಹೋದಂತೆಯೇ.

ಇಷ್ಟು ವಿವರಗಳನ್ನು ಕೊಟ್ಟುದು ಈಚಿನ ಕೆಲವು ಬದಲಾವಣೆಗಳ ಪರಿಣಾಮವನ್ನು ತೂಗಿ ನೋಡಲು. 2017ರ ಜೂನ್ ತಿಂಗಳಲ್ಲಿ ಮೆಟ್ರೋ ರೈಲಿನ ಹಸಿರು ಮಾರ್ಗ ಪೂರ್ತಿಗೊಂಡು ನ್ಯಾಷನಲ್ ಕಾಲೇಜಿನ ಬಳಿ ನಿಲ್ದಾಣ ತೆರೆದಮೇಲೆ ದೂರದ ಬಡಾವಣೆಗಳಿಂದ ಬರುವವರಿಗೆ ಅನುಕೂಲವಾಯಿತು. 2022ರಲ್ಲಿ ಗಾಂಧಿ ಬಜಾರಿನ ಮುಖ್ಯರಸ್ತೆಯನ್ನು ನಡೆಯುವವರಿಗೆ ಅನುಕೂಲವಾಗುವಂತೆ ಹೊಸದಾಗಿ ನಿರ್ಮಿಸುವ ಕೆಲಸ ಆರಂಭವಾಯಿತು. ಅದು ನಡೆದಷ್ಟು ಕಾಲವೂ ರಸ್ತೆ ಅಗೆದಿತ್ತು; ವ್ಯಾಪಾರ ಕುಸಿಯಿತೆಂದು ಅಂಗಡಿಯವರೂ, ಕುಳಿತುಕೊಳ್ಳುವ ಜಾಗ ತಪ್ಪಿತೆಂದು ಬೀದಿ ವ್ಯಾಪಾರಿಗಳೂ, ಮರಗಳಿಗೆ ಹಾನಿಯಾಗುವುದೆಂದು ನಿವಾಸಿಗಳೂ ಆಕ್ಷೇಪಿಸಿದರು. ಅಗಲವಾದ ಕಾಲುದಾರಿ ಒಳ್ಳೆಯದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾರು ನಿಲ್ಲಿಸುವವರು ಬಾರದಿದ್ದರೆ ಬಟ್ಟೆಯ ಅಂಗಡಿಗೆ ನಷ್ಟ, ನಡೆದು ಬರುವವರು ಹೆಚ್ಚಿದರೆ ಹೂವಾಡಗಿತ್ತಿಗೆ ಲಾಭ. ಎಲ್ಲ ಕಸುಬುಗಳಿಗೂ ಒಂದೇ ಪರಿಣಾಮವೆಂದು ಮಾತನಾಡುವುದು ಸರಿಯಲ್ಲ. ಹಳೆಯ ಸಣ್ಣ ಅಂಗಡಿಗಳ ಬಾಡಿಗೆಯ ಪ್ರಶ್ನೆಯೂ ಇಲ್ಲಿ ಸೇರಿಕೊಂಡಿದೆ. 1999ರ ಕರ್ನಾಟಕ ಬಾಡಿಗೆ ಶಾಸನವು ವಾಣಿಜ್ಯದ ಕಟ್ಟಡಗಳ ಪೈಕಿ 14 ಚದರ ಮೀಟರುಗಳನ್ನು ಮೀರದ ಮಳಿಗೆಗಳಿಗೆ ಮಾತ್ರ, ಅದೂ ಬಾಡಿಗೆಯ ಒಂದು ಮಿತಿಗೊಳಪಟ್ಟು, ರಕ್ಷಣೆಯನ್ನು ಉಳಿಸಿತು. ರಸ್ತೆ ಅಂದವಾದರೆ ಬಾಡಿಗೆ ಏರುತ್ತದೆ. ಏರಿದ ಬಾಡಿಗೆಯನ್ನು ದರ್ಭೆ, ಅಳಲೆಕಾಯಿಗಳ ವ್ಯಾಪಾರ ಹೊರಲಾರದು.

ಬೀದಿ ವ್ಯಾಪಾರಿಗಳ ಸ್ಥಿತಿಯನ್ನು 2014ರ ಶಾಸನ ನಿರ್ಣಯಿಸಬೇಕು. ಅದರನ್ವಯ ಸಮೀಕ್ಷೆ ನಡೆದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು. ಸ್ಥಳಾಂತರಕ್ಕೆ 30 ದಿನಗಳ ನೋಟೀಸು ಬೇಕು. ಇವೆಲ್ಲಕ್ಕಿಂತ ನಮಗೆ ಮುಖ್ಯವಾದುದು ಶಾಸನದ ಅನುಬಂಧದಲ್ಲಿರುವ ಒಂದು ವಾಕ್ಯ: ಐವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಬೀದಿ ವ್ಯಾಪಾರ ನಡೆದಿರುವ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆಗಳೆಂದು ಘೋಷಿಸತಕ್ಕದ್ದು, ಅಲ್ಲಿನ ವ್ಯಾಪಾರಿಗಳನ್ನು ಸ್ಥಳಾಂತರಿಸತಕ್ಕದ್ದಲ್ಲ. ಗಾಂಧಿ ಬಜಾರು ಈ ವರ್ಣನೆಗೆ ಸಲ್ಲುತ್ತದೆಂಬುದನ್ನು ಈ ಬೀದಿಯಲ್ಲಿ ಅಜ್ಜಿಯ ಕೈಹಿಡಿದು ಹೂವು ಕೊಂಡ ಯಾರೂ ಹೇಳಬಲ್ಲರು. ಆದರೆ ರಕ್ಷಣೆ ದೊರೆಯಬೇಕಾದುದು ಮಾರುಕಟ್ಟೆಗೋ ಪಟ್ಟಿಯಲ್ಲಿ ಹೆಸರಿರುವ ವ್ಯಕ್ತಿಗೋ ಎಂಬುದು ಸುಲಭವಾದ ಪ್ರಶ್ನೆಯಲ್ಲ. ಪಟ್ಟಿಯನ್ನು ಯಾವ ಹೊತ್ತಿನಲ್ಲಿ ತಯಾರಿಸಿದರೆಂಬುದರ ಮೇಲೆ ಅದು ನಿಂತಿದೆ.

ಅಂಗಡಿಯೊಂದರ ಮುಂದಿನ ನಾಲ್ಕಡಿ ಜಗಲಿಯನ್ನು ಒಂದು ಪೂರ್ತಿ ದಿನ ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಬೆಳಗಿನ ಆರರಿಂದ ಒಂಬತ್ತರವರೆಗೆ ಅಲ್ಲಿ ಸೊಪ್ಪಿನವಳು ಕುಳಿತಿರುತ್ತಾಳೆ; ಅಂಗಡಿ ತೆರೆಯುವ ಹೊತ್ತಿಗೆ ಎದ್ದು, ನೆಲ ಗುಡಿಸಿ, ನೀರು ಚಿಮುಕಿಸಿ ಹೋಗುತ್ತಾಳೆ. ಮಧ್ಯಾಹ್ನ ಅಂಗಡಿಯವನು ಊಟಕ್ಕೆ ಬಾಗಿಲೆಳೆದಾಗ ಪಿನ್ನು, ಬಾಚಣಿಗೆ, ಕರವಸ್ತ್ರಗಳ ಹುಡುಗ ಅದೇ ಜಾಗದಲ್ಲಿ ಬಟ್ಟೆ ಹಾಸುತ್ತಾನೆ. ಸಂಜೆ ದೀಪ ಹತ್ತುವ ಹೊತ್ತಿಗೆ ಮೆಟ್ಟಿಲ ಪಕ್ಕಕ್ಕೆ ಮಲ್ಲಿಗೆಯ ಕುಕ್ಕೆ ಬರುತ್ತದೆ. ಈ ಹಂಚಿಕೆಯನ್ನು ಯಾವ ಕಚೇರಿಯೂ ಮಾಡಿದುದಲ್ಲ. ಹನ್ನೊಂದು ಗಂಟೆಗೆ ಪಟ್ಟಿ ಹಿಡಿದು ಬಂದ ಸಮೀಕ್ಷಕನಿಗೆ ಆ ಜಗಲಿಯ ಮೇಲೆ ಯಾರೂ ಕಾಣುವುದಿಲ್ಲ; ಸಂಜೆ ಬಂದವನಿಗೆ ಹೂವಾಡಗಿತ್ತಿಯೊಬ್ಬಳೇ ಕಾಣುತ್ತಾಳೆ. ಸಮಯವನ್ನು ಹಂಚಿಕೊಂಡು ವ್ಯಾಪಾರ ನಡೆಸುವ ವಿಧಾನವನ್ನು ನಿಗದಿಪಡಿಸಲು ಶಾಸನದಲ್ಲಿ ಅವಕಾಶವಿದೆ. ಅದನ್ನು ಉಪಯೋಗಿಸಬೇಕಾದರೆ ಒಂದೊಂದು ಸ್ಥಳದ ಗಣತಿಯನ್ನೂ ಬೆಳಿಗ್ಗೆ ಏಳು ಗಂಟೆಗೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಏಳಕ್ಕೆ ಹೀಗೆ ಮೂರು ಸಲ, ವಾರದಲ್ಲಿ ಶುಕ್ರವಾರವೊಂದನ್ನು ಮತ್ತು ಬೇರೆ ಒಂದು ದಿನವನ್ನು ಸೇರಿಸಿಕೊಂಡು ನಡೆಸುವುದು ಅಗತ್ಯ. ಆರು ಸುತ್ತುಗಳ ಕೆಲಸ. ಟಾಗೋರ್ ವೃತ್ತದಿಂದ ಆಶ್ರಮದವರೆಗೆ ಒಂದು ಸುತ್ತಿಗೆ, ದಾರಿಯಲ್ಲಿ ನಿಂತು ಬೈಟು ಕಾಫಿ ಕುಡಿದರೂ, ಎರಡು ಗಂಟೆ ಸಾಕು.